ಅಧ್ಯಕ್ಷೆಯಾದ ಮೇಲೆ ಓದಬಹುದಾದ ಆತ್ಮಕಥೆಗಳು ಯಾವುವು?

ಹಾಸನದ ಕಡೆಯವಳು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಈ ಬಾರಿ ನಾನು ಅಧ್ಯಕ್ಷೆಯಾಗಿದ್ದೇನೆ. ಅವಿರೋಧ ಆಯ್ಕೆ ಎಂದು ಎಲ್ಲರೂ ಅಭಿನಂದಿಸಿದರು. ಎರಡು ಗುಂಪಿನವರಿಗೂ ಬೇಡವೆನ್ನಿಸದ ಹೆಸರು ನನ್ನದೊಂದೇ ಉಳಿದಿತ್ತು ಎಂಬುದು ಅದರ ಒಳಗಿನ ಗುಟ್ಟು.

ಹಾಲು ಕರೆಯುವುದು ಗೊತ್ತು, ಲೆಕ್ಕಪತ್ರ ಗೊತ್ತು, ಒಕ್ಕೂಟದ ಅಧಿಕಾರಿಗಳ ಜೊತೆ ಮಾತನಾಡಲು ಹೆದರಿಕೆಯೂ ಇಲ್ಲ. ಸಭೆ ನಡೆಸುವುದು ಮಾತ್ರ ಕೈಗೆ ಹತ್ತುತ್ತಿಲ್ಲ. ಮೊದಲ ಸಭೆಯಲ್ಲೇ ಫ್ಯಾಟ್ (ಹಾಲಿನ ಕೊಬ್ಬಿನ ಅಂಶ, ದುಡ್ಡು ನಿಂತಿರುವುದು ಅದರ ಮೇಲೆ) ಕಡಿಮೆ ಬರುತ್ತಿದೆ ಎಂಬ ತಕರಾರು ಎದ್ದಿತು. ಹಾಲು ಪರೀಕ್ಷೆ ಮಾಡುವ ಹುಡುಗಿ ತನಗೆ ಬೇಕಾದವರಿಗೆ ಹೆಚ್ಚು ಬರೆಯುತ್ತಾಳೆ ಎಂದು ಒಂದು ಗುಂಪು, ಯಂತ್ರವೇ ಕೆಟ್ಟಿದೆ ಎಂದು ಇನ್ನೊಂದು ಗುಂಪು. ಗಟ್ಟಿ ದನಿಯವರು ಕೂಗಾಡಿದರು. ಉಳಿದವರು ಸೆರಗು ಸರಿಮಾಡಿಕೊಂಡು ಎದ್ದು ಹೋದರು.

ಒಂದು ತರಬೇತಿ ಶಿಬಿರಕ್ಕೂ ಹೋಗಿ ಬಂದೆ. ನಾಯಕರಲ್ಲಿ ಇರಬೇಕಾದ ಗುಣಗಳ ಪಟ್ಟಿಯೊಂದನ್ನು ಕೊಟ್ಟು ಕಳುಹಿಸಿದರು: ಧೈರ್ಯ, ದೂರದೃಷ್ಟಿ, ತಾಳ್ಮೆ, ಇತ್ಯಾದಿ. ಇವೆಲ್ಲ ನನ್ನಲ್ಲಿದ್ದಿದ್ದರೆ ಶಿಬಿರಕ್ಕೇಕೆ ಹೋಗುತ್ತಿದ್ದೆ?

ಪಟ್ಟಿ ಬೇಡ. ಜವಾಬ್ದಾರಿ ಹೊತ್ತವರು ತಮ್ಮ ಕಥೆಯನ್ನು ತಾವೇ ಹೇಳಿರುವ ಪುಸ್ತಕಗಳಿದ್ದರೆ ತಿಳಿಸಿ. ಇಂಗ್ಲಿಷ್ ನಿಧಾನವಾಗಿ ಓದುತ್ತೇನೆ, ಮಗ ನೆರವಿಗಿದ್ದಾನೆ.

ಬೆಳ್ಳಂದೂರು ಕೆರೆಯ ಆಚೆ

ಅಕ್ಕ, ಕಲಾಂ ಅವರ ಆತ್ಮಕಥೆಯಿಂದ ಶುರು ಮಾಡಿ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರನ್ನು ಎದುರಿಸಿದರು. ಮರುವರ್ಷ ಜುಲೈ 18ರಂದು ಅದು ಗೆದ್ದಾಗ ಯೋಜನೆಯ ನಿರ್ದೇಶಕರಾಗಿದ್ದ ಕಲಾಂ ಅವರನ್ನು ಮುಂದೆ ಕಳುಹಿಸಿದರು. ಕಲಾಂ ತಮ್ಮ ಭಾಷಣಗಳಲ್ಲಿ ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದರು.

ನಾನಿದ್ದ ಒಂದು ಕಂಪನಿಯಲ್ಲಿ ಈ ಕಥೆಯನ್ನು ಗೋಡೆಗೆ ಅಂಟಿಸಿದ್ದರು. ಏನಾದರೂ ಎಡವಟ್ಟಾದ ದಿನ ಅದೇ ಗೋಡೆಯ ಕೆಳಗೆ ಕುಳಿತವರು ಮೇಲಿನವರಿಗೆ ಮಿಂಚಂಚೆ ಕಳುಹಿಸುತ್ತಿದ್ದರು. ಅದರಲ್ಲಿ ಕಿರಿಯರ ಹೆಸರು ಮೊದಲ ಸಾಲಿನಲ್ಲೇ ಇರುತ್ತಿತ್ತು.

ಕಪಾಟಿನ ಕೀಲಿ

ಬೆಳ್ಳಂದೂರಿನವರೇ, ಧವನ್ ಪ್ರಸಂಗ ನೂರಾರು ಭಾಷಣಗಳಲ್ಲಿ ಸವೆದಿದೆ. ಅಧ್ಯಕ್ಷೆಯವರ ಕೆಲಸಕ್ಕೆ ತೀರ ಹತ್ತಿರದ ಪುಸ್ತಕ ಇರುವಾಗ ರಾಕೆಟ್ಟಿನವರೆಗೆ ಹೋಗುವುದೇಕೆ?

ಅಮುಲ್ ಡೈರಿಯನ್ನು ಬೆಳೆಸಿದ ವರ್ಗೀಸ್ ಕುರಿಯನ್ ತಮ್ಮ ನೆನಪುಗಳನ್ನು ಹೇಳಿ ಬರೆಸಿದ ಪುಸ್ತಕ 2005ರಲ್ಲಿ ಬಂತು. 1949ರ ಮೇ ತಿಂಗಳಲ್ಲಿ ಅವರು ಗುಜರಾತಿನ ಆನಂದ್‌ಗೆ ಬಂದದ್ದು ಮನಸ್ಸಿಲ್ಲದ ಮನಸ್ಸಿನಿಂದ. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದಲ್ಲಿ ಓದಿದ್ದರಿಂದ ಕರಾರಿಗೆ ಕಟ್ಟುಬಿದ್ದಿದ್ದರು. ಬಿಡುಗಡೆ ಸಿಕ್ಕಿ ಮುಂಬೈಗೆ ಹೊರಡಲು ಸಿದ್ಧರಾದಾಗ, ರೈತರ ಸಂಘದ ಅಧ್ಯಕ್ಷ ತ್ರಿಭುವನ್‌ದಾಸ್ ಪಟೇಲರು ಬಂದು, ನಮ್ಮ ಹಳೆಯ ಯಂತ್ರಗಳನ್ನು ಒಂದು ದಾರಿಗೆ ತಂದುಕೊಟ್ಟು ಹೋಗಿ ಎಂದು ಕೇಳಿಕೊಂಡರು. ಕುರಿಯನ್ ಕಡೆಗೂ ಆ ಊರು ಬಿಡಲಿಲ್ಲ.

ಎಲ್ಲರೂ ಈ ಪುಸ್ತಕವನ್ನು ಕುರಿಯನ್‌ಗಾಗಿ ಓದುತ್ತಾರೆ. ಅವರ ಜಗಳಗಳು, ಮಂತ್ರಿಗಳಿಗೆ ಕೊಟ್ಟ ಎದುರುತ್ತರಗಳು, ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಎಂದ ವಿದೇಶಿ ಪಂಡಿತರ ಮುಂದೆ ಅದನ್ನು ಮಾಡಿ ತೋರಿಸಿದ್ದು, ಎಲ್ಲವೂ ರುಚಿಕಟ್ಟಾಗಿವೆ. ಆ ಪುಡಿಯ ಹಿಂದಿನ ತಲೆ ಗೆಳೆಯ ಎಚ್.ಎಂ. ದಲಾಯಾ ಅವರದು. ನೀವು ತ್ರಿಭುವನ್‌ದಾಸ್‌ಗಾಗಿ ಓದಿ. ಅಧ್ಯಕ್ಷರು ಅವರು. ಪೋಲ್ಸನ್ ಡೈರಿಯ ಏಕಸ್ವಾಮ್ಯದ ವಿರುದ್ಧ 1946ರಲ್ಲಿ ರೈತರು ಹಾಲು ಕೊಡುವುದನ್ನೇ ನಿಲ್ಲಿಸಿದರಲ್ಲ, ಆಗಿನಿಂದ ಹಳ್ಳಿ ಹಳ್ಳಿ ಸುತ್ತಿ ಸಂಘ ಕಟ್ಟಿದವರು. ಆಮೇಲೆ ಮಾತಿನ ಮಲ್ಲನಾದ ಈ ಎಂಜಿನಿಯರನ ಕೈಗೆ ಡೈರಿಯನ್ನು ಕೊಟ್ಟು, ರಾಜಕೀಯದವರು ಅವನ ತಂಟೆಗೆ ಬರದಂತೆ ಬಾಗಿಲಲ್ಲಿ ನಿಂತರು. ನಿಮ್ಮ ಸಂಘದಲ್ಲೂ ಕಾರ್ಯದರ್ಶಿ ಇದ್ದಾರೆ, ಪರೀಕ್ಷಕಿ ಇದ್ದಾಳೆ, ಅವರ ಕೆಲಸಕ್ಕೆ ಕೈ ಹಾಕುವ ಊರ ಹಿರಿಯರೂ ಇರುತ್ತಾರೆ. ಅಧ್ಯಕ್ಷರಾದವರು ಎಲ್ಲಿ ನಿಲ್ಲಬೇಕು ಎಂಬುದು ಅಲ್ಲಿ ಕಾಣುತ್ತದೆ.

ಕರ್ನಾಟಕದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಬಂದು, 1984ರಲ್ಲಿ ಅದು ಹಾಲು ಮಹಾಮಂಡಳವಾದದ್ದು ಆನಂದ್ ಮಾದರಿಯಲ್ಲೇ. ನಿಮ್ಮ ಸಂಘದ ಉಪನಿಯಮಗಳ ಅಜ್ಜಿಮನೆ ಅಲ್ಲಿದೆ ಎನ್ನಿ.

ಕಟುಮಾತು

ಆತ್ಮಕಥೆ ಎಂದರೆ ತನ್ನ ಮದುವೆಗೆ ತಾನೇ ಬರೆದುಕೊಂಡ ಲಗ್ನಪತ್ರಿಕೆ. ಅದರಲ್ಲಿ ವರ ಸದಾ ಸದ್ಗುಣಿ. ಅಧ್ಯಕ್ಷೆಯವರೇ, ಪುಸ್ತಕ ಬದಿಗಿಟ್ಟು ಒಂದು ವಾರ ಬೆಳಗಿನ ಹಾಲು ಅಳೆಯುವ ಹೊತ್ತಿಗೆ ಆ ಹುಡುಗಿಯ ಪಕ್ಕ ಸುಮ್ಮನೆ ನಿಂತುಕೊಳ್ಳಿ. ಅದಕ್ಕಿಂತ ದೊಡ್ಡ ಪಾಠ ಇಲ್ಲ.

ಇತಿಹಾಸದ ಮೇಷ್ಟ್ರು

ಕಟುಮಾತು ಅವರ ಮೊದಲ ವಾಕ್ಯವನ್ನು ಒಪ್ಪುತ್ತೇನೆ. ಆದರೆ ಅದರಿಂದ ಓದಬಾರದು ಎಂದಾಗುವುದಿಲ್ಲ. ಒಂದನ್ನೇ ಓದಬಾರದು ಎಂದಾಗುತ್ತದೆ. ನಾಯಕನ ಪುಸ್ತಕದ ಪಕ್ಕದಲ್ಲಿ ಅವನ ಕೈಕೆಳಗಿದ್ದವರು ಬರೆದಿಟ್ಟದ್ದನ್ನೂ ಇಟ್ಟುಕೊಂಡು ಓದಬೇಕು. ನಾಯಕತ್ವದ ತರಗತಿಗಳಲ್ಲಿ ಎಲ್ಲರೂ ಎತ್ತಿ ಆಡುವ ಒಬ್ಬನನ್ನೇ ತೆಗೆದುಕೊಳ್ಳೋಣ.

ಅರ್ನೆಸ್ಟ್ ಶ್ಯಾಕಲ್ಟನ್ 1914ರಲ್ಲಿ ಅಂಟಾರ್ಕ್ಟಿಕಾ ದಾಟಲು ಹೊರಟ. ಅವನ 'ಎಂಡ್ಯೂರೆನ್ಸ್' ಹಡಗು 1915ರ ಜನವರಿಯಲ್ಲಿ ವೆಡೆಲ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡಿತು. ತಿಂಗಳುಗಟ್ಟಲೆ ಹಿಮ ಅದನ್ನು ಹಿಂಡಿತು. ನವೆಂಬರ್ 21ರಂದು ಹಡಗು ಮುಳುಗಿತು. 28 ಜನ ಹಿಮದ ಹಾಸಿನ ಮೇಲೆ ಉಳಿದರು. 1916ರ ಏಪ್ರಿಲ್‌ನಲ್ಲಿ ಸಣ್ಣ ದೋಣಿಗಳಲ್ಲಿ ಎಲಿಫೆಂಟ್ ದ್ವೀಪ ಮುಟ್ಟಿದರು. ಅಲ್ಲಿ ಫ್ರ್ಯಾಂಕ್ ವೈಲ್ಡ್‌ನ ಉಸ್ತುವಾರಿಯಲ್ಲಿ 22 ಜನರನ್ನು ಬಿಟ್ಟು, ಐವರೊಡನೆ ಶ್ಯಾಕಲ್ಟನ್ ನೆರವು ತರಲು ಸುಮಾರು 1,300 ಕಿಲೋಮೀಟರ್ ಕಡಲು ದಾಟಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ ಹೋದ. ಆಗಸ್ಟ್ 30ರಂದು ಚಿಲಿ ದೇಶದ ಹಡಗಿನಲ್ಲಿ ಮರಳಿ ಬಂದು 22 ಜನರನ್ನೂ ಜೀವಂತ ಕರೆತಂದ. ಅವನ ಪುಸ್ತಕ 1919ರಲ್ಲಿ ಬಂತು. ಅದರ ಬಹುಭಾಗ ಅವನು ಹೇಳಿದ್ದು, ಇನ್ನೊಬ್ಬರು ಬರೆದುಕೊಂಡದ್ದು.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಜೊತೆಗಿದ್ದವರ ದಿನಚರಿಗಳನ್ನು ತೆರೆದರೆ ಬೇರೆ ವಿಷಯಗಳು ಸಿಗುತ್ತವೆ. ಹಡಗು ಬಿಟ್ಟಿಳಿದ ದಿನಗಳಲ್ಲಿ ಮಲಗುವ ಚೀಲಗಳನ್ನು ಹಂಚಬೇಕಿತ್ತು. ತುಪ್ಪಳದ ಚೀಲಗಳು ಎಲ್ಲರಿಗೂ ಸಾಲುತ್ತಿರಲಿಲ್ಲ, ಉಳಿದವು ಉಣ್ಣೆಯವು. ಚೀಟಿ ಎತ್ತಿದರು. ಬೆಚ್ಚನೆಯ ತುಪ್ಪಳದ ಚೀಲಗಳು ಕೆಳಗಿನ ನಾವಿಕರಿಗೆ ಬಂದವು; ಶ್ಯಾಕಲ್ಟನ್‌ಗೂ ಅಧಿಕಾರಿಗಳಿಗೂ ಉಣ್ಣೆಯವು ಬಂದವು. ಚೀಟಿಯಲ್ಲಿ ಏನೋ ಕೈಚಳಕ ನಡೆದಿದೆ ಎಂದು ಒಬ್ಬ ನಾವಿಕನೇ ಬರೆದಿಟ್ಟಿದ್ದಾನೆ, ಮೆಚ್ಚಿಕೊಂಡೇ ಬರೆದಿದ್ದಾನೆ. ಗುಡಾರ ಹಂಚುವಾಗ ಹೊಗಳಿಕೆಗೆ ಬೀಗುವ ಛಾಯಾಗ್ರಾಹಕ ಹರ್ಲಿಯನ್ನು ಶ್ಯಾಕಲ್ಟನ್ ತನ್ನ ಗುಡಾರದಲ್ಲೇ ಇಟ್ಟುಕೊಂಡ. ಕಿರಿಕಿರಿ ಮಾಡಬಹುದಾದವನು ಕಣ್ಣಳತೆಯಲ್ಲಿರಲಿ ಎಂಬ ಲೆಕ್ಕ.

ಇನ್ನು ಬಡಗಿ ಹ್ಯಾರಿ ಮೆಕ್ನಿಷ್. ಹಡಗು ಬಿಡುವಾಗ ಅವನ ಮುದ್ದಿನ ಬೆಕ್ಕನ್ನು ಗುಂಡಿಟ್ಟು ಕೊಲ್ಲಿಸಲಾಯಿತು. ಡಿಸೆಂಬರ್‌ನಲ್ಲಿ ದೋಣಿಗಳನ್ನು ಹಿಮದ ಮೇಲೆ ಎಳೆಯುವಾಗ ಅವನು ಸೆಟೆದು ನಿಂತ. ಹಡಗೇ ಇಲ್ಲವೆಂದ ಮೇಲೆ ಹಡಗಿನ ಕರಾರೂ ಇಲ್ಲ, ನಿಮ್ಮ ಆಜ್ಞೆ ನನಗೇಕೆ ಎಂಬುದು ಅವನ ವಾದ. ಶ್ಯಾಕಲ್ಟನ್ ಕರಾರು ಪತ್ರವನ್ನು ಎಲ್ಲರೆದುರು ಓದಿಸಿ ಬಾಯಿ ಮುಚ್ಚಿಸಿದ. ಕೆಲವು ತಿಂಗಳ ಮೇಲೆ ಆ ಪುಟ್ಟ ದೋಣಿಗೆ ಮೇಲ್ಹೊದಿಕೆ ಕಟ್ಟಿ, ಸೀಲ್ ಪ್ರಾಣಿಯ ರಕ್ತ ಮತ್ತು ಚಿತ್ರಕಾರನ ಬಣ್ಣ ಬೆರೆಸಿ ಬಿರುಕು ಮುಚ್ಚಿ, ಕಡಲಿಗೆ ಯೋಗ್ಯ ಮಾಡಿದವನು ಇದೇ ಬಡಗಿ. ಶ್ಯಾಕಲ್ಟನ್ ಅವನನ್ನು ಆ ಐವರಲ್ಲಿ ಒಬ್ಬನಾಗಿ ಆರಿಸಿಕೊಂಡ. ಊರಿಗೆ ಬಂದ ಮೇಲೆ ಧ್ರುವ ಪದಕಕ್ಕೆ ಹೆಸರು ಕಳುಹಿಸುವಾಗ ಅವನನ್ನು ಬಿಟ್ಟ. ಬಡಗಿ 1930ರಲ್ಲಿ ವೆಲಿಂಗ್ಟನ್ನಿನಲ್ಲಿ ಬಡತನದಲ್ಲಿ ಸತ್ತ. 2004ರಲ್ಲಿ ಅವನ ಸಮಾಧಿಯ ಮೇಲೆ ಬೆಕ್ಕಿನ ಕಂಚಿನ ಪ್ರತಿಮೆ ಇಟ್ಟರು.

'ಒಬ್ಬನನ್ನೂ ಕಳೆದುಕೊಳ್ಳದ ನಾಯಕ' ಎಂಬ ಮಾತನ್ನೂ ಎಚ್ಚರದಿಂದ ಕೇಳಬೇಕು. ಖಂಡದ ಇನ್ನೊಂದು ದಡದಲ್ಲಿ, ಅವನಿಗಾಗಿ ಆಹಾರದ ದಾಸ್ತಾನು ಇಡಲು ಹೋಗಿದ್ದ ರಾಸ್ ಸಮುದ್ರದ ತಂಡದ ಮೂವರು ಸತ್ತರು. ಅವರೂ ಅವನ ಯಾತ್ರೆಯವರೇ.

ರಾತ್ರಿ ಪಾಳಿ

ಮೇಷ್ಟ್ರೇ, ಚೀಟಿಯ ಪ್ರಸಂಗ ಓದಿ ಬಹಳ ಹೊತ್ತು ಯೋಚಿಸಿದೆ. ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶುಶ್ರೂಷಕಿಯರ ಮೇಲ್ವಿಚಾರಕಿ. ಹಬ್ಬದ ದಿನಗಳ ರಾತ್ರಿ ಪಾಳಿ ಹಂಚುವುದೇ ನನ್ನ ವರ್ಷದ ದೊಡ್ಡ ಪರೀಕ್ಷೆ. ಚೀಟಿ ಎತ್ತಿದರೆ ನ್ಯಾಯ ಎನ್ನುತ್ತಾರೆ. ಎತ್ತಿದ ಚೀಟಿಯಲ್ಲಿ ನನ್ನ ಹೆಸರೇ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಕ್ರಿಸ್‌ಮಸ್ ರಾತ್ರಿಯನ್ನು ಚೀಟಿಗೆ ಹಾಕುವುದೇ ಇಲ್ಲ, ನಾನೇ ಇರುತ್ತೇನೆ. ಆಮೇಲೆ ಉಳಿದ ಚೀಟಿಗಳ ಬಗ್ಗೆ ಗೊಣಗಾಟ ಕಡಿಮೆ.

ಪದಕದ ವಿಷಯದಲ್ಲಿ ಮಾತ್ರ ಶ್ಯಾಕಲ್ಟನ್‌ನನ್ನು ಕ್ಷಮಿಸಲಾರೆ. ಜೀವ ಉಳಿಸಿದವನ ಒಂದು ದಿನದ ಜಗಳವನ್ನು ವರ್ಷಗಳ ಕಾಲ ಮನಸ್ಸಿನಲ್ಲಿಟ್ಟುಕೊಳ್ಳುವುದು ಸಣ್ಣತನ.

ಬೆಳ್ಳಂದೂರು ಕೆರೆಯ ಆಚೆ

ಸಣ್ಣತನ ಎಂದು ಒಂದೇ ಏಟಿಗೆ ಹೇಳಬಹುದೇ? ಹಿಮದ ಮೇಲೆ ಅಂದು ಉಳಿದವರೂ ಬಡಗಿಯ ಹಿಂದೆ ನಿಂತಿದ್ದರೆ ಎಲ್ಲರೂ ಸಾಯುತ್ತಿದ್ದರು. ಆ ಭಯ ಅನುಭವಿಸಿದವನಿಗೆ ಅದು ಒಂದು ದಿನದ ಜಗಳವಾಗಿ ಕಾಣದೇ ಇರಬಹುದು.

ರಾತ್ರಿ ಪಾಳಿ

ಭಯ ಇತ್ತು ಎನ್ನುವುದನ್ನು ಒಪ್ಪುತ್ತೇನೆ. ಹಾಗಿದ್ದರೆ ಅವನನ್ನೇ ದೋಣಿಗೆ ಆರಿಸಿಕೊಂಡದ್ದೇಕೆ? ಕೆಲಸಕ್ಕೆ ಬೇಕು, ಗೌರವಕ್ಕೆ ಬೇಡ. ಈ ಲೆಕ್ಕಾಚಾರ ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು.

ನಿವೃತ್ತ ಸುಬೇದಾರ್

ಸೇನೆಯಲ್ಲಿದ್ದವನಾಗಿ ಒಂದು ಪುಸ್ತಕ ಹೇಳುತ್ತೇನೆ. ಅಮೆರಿಕದ ಅಂತರ್ಯುದ್ಧದ ಸೇನಾಪತಿ, ಆಮೇಲೆ ಅಧ್ಯಕ್ಷನಾದ ಯುಲಿಸಿಸ್ ಗ್ರ್ಯಾಂಟ್ ತನ್ನ ನೆನಪುಗಳನ್ನು ಬರೆದದ್ದು ಗಂಟಲಿನ ಕ್ಯಾನ್ಸರ್‌ನಿಂದ ಸಾಯುತ್ತಿರುವಾಗ, ದಿವಾಳಿಯಾದ ಸಂಸಾರಕ್ಕೆ ಒಂದಿಷ್ಟು ಹಣ ಬಿಟ್ಟುಹೋಗಲು. ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡ. ಜಂಬ ಕೊಚ್ಚಿಕೊಳ್ಳಲು ಅವನಿಗೆ ಸಮಯ ಇರಲಿಲ್ಲ ಎಂದು ಕಾಣುತ್ತದೆ.

1861ರಲ್ಲಿ ಹೊಸ ಕರ್ನಲ್ ಆಗಿ ಮಿಸೌರಿಯಲ್ಲಿ ಹ್ಯಾರಿಸ್ ಎಂಬ ಶತ್ರು ಅಧಿಕಾರಿಯ ಪಾಳೆಯದ ಮೇಲೆ ಹೋಗಬೇಕಾಗಿ ಬಂತು. ಮೆಕ್ಸಿಕೋದಲ್ಲಿ ಬೇಕಾದಷ್ಟು ಯುದ್ಧ ನೋಡಿದ್ದವನು, ಆದರೆ ತಾನೇ ಹೊಣೆ ಹೊತ್ತದ್ದು ಇದೇ ಮೊದಲು. ದಿಬ್ಬ ಏರುತ್ತ ಏರುತ್ತ ಎದೆ ಗಂಟಲಿಗೆ ಬಂದಿತ್ತು, ಇಲಿನಾಯ್‌ಗೆ ವಾಪಸು ಹೋಗಿಬಿಟ್ಟರೆ ಸಾಕಿತ್ತು ಎನ್ನಿಸಿತ್ತು, ಆದರೆ ನಿಂತು ಯೋಚಿಸುವ ಎದೆಗಾರಿಕೆ ಇರಲಿಲ್ಲ, ಅದಕ್ಕೇ ನಡೆಯುತ್ತಲೇ ಹೋದೆ ಎನ್ನುತ್ತಾನೆ. ಮೇಲೆ ಹೋಗಿ ನೋಡಿದರೆ ಪಾಳೆಯ ಖಾಲಿ. ಹ್ಯಾರಿಸ್ ಮೊದಲೇ ಕಾಲುಕಿತ್ತಿದ್ದ. ನಾನು ಅವನಿಗೆ ಹೆದರಿದಷ್ಟೇ ಅವನೂ ನನಗೆ ಹೆದರಿದ್ದ ಎಂಬುದು ಅಂದು ಹೊಳೆಯಿತಂತೆ. ಆಮೇಲೆ ಯಾವ ಶತ್ರುವಿನ ಎದುರೂ ಆ ಮೊದಲಿನ ನಡುಕ ಬರಲಿಲ್ಲ ಎಂದು ಬರೆಯುತ್ತಾನೆ.

ನಿಂತು ಯೋಚಿಸಲು ಧೈರ್ಯವಿಲ್ಲದೆ ಮುಂದೆ ಹೋದೆ ಎನ್ನುವ ಸೇನಾಪತಿಯನ್ನು ಬೇರೆಲ್ಲೂ ಕಂಡಿಲ್ಲ. ದೂರದಿಂದ ನೋಡಿದ ಸಿಪಾಯಿಗಳಿಗೆ ಅದೇ ಧೈರ್ಯವಾಗಿ ಕಂಡಿರಬೇಕು. ನನ್ನ ಸರ್ವಿಸಿನಲ್ಲಿ ಕೆಲವು ಸಾಹೇಬರು ಮುಂದೆ ನಡೆದದ್ದು ಇದೇ ಕಾರಣಕ್ಕೆ ಎಂದು ನನಗೆ ಗುಮಾನಿ.

1864ರ ಕೋಲ್ಡ್ ಹಾರ್ಬರ್ ಕದನದ ಕೊನೆಯ ದಾಳಿಯ ಬಗ್ಗೆಯೂ ಹಾಗೆಯೇ: ಆ ದಾಳಿ ಮಾಡಿಸಿದ್ದಕ್ಕೆ ಸದಾ ಪಶ್ಚಾತ್ತಾಪ ಪಟ್ಟಿದ್ದೇನೆ, ಅದರಿಂದ ಯಾವ ಲಾಭವೂ ಆಗಲಿಲ್ಲ ಎಂದು ಬರೆದ. ಸಾವಿರಾರು ಜನ ಬಿದ್ದ ದಾಳಿಗೆ ಇಷ್ಟೇ ಮಾತೇ ಎಂದು ಸಿಟ್ಟೂ ಬರುತ್ತದೆ.

ಹಾಸನದ ಕಡೆಯವಳು

ಸುಬೇದಾರರೇ, ದಿಬ್ಬದ ಕಥೆ ನನ್ನದೇ ಎನ್ನಿಸಿತು. ಕಟುಮಾತು ಅವರು ಹೇಳಿದಂತೆ ಬೆಳಗಿನ ಹೊತ್ತು ಡೈರಿಯಲ್ಲಿ ನಿಂತೂ ನೋಡುತ್ತಿದ್ದೇನೆ. ಸಂಗತಿಗಳು ಗಮನಕ್ಕೆ ಬರುತ್ತಿವೆ, ಆಮೇಲೆ ಬರೆಯುತ್ತೇನೆ.

ಆದರೆ ಹಡಗು, ಯುದ್ಧ ಎರಡರಲ್ಲೂ ಆಜ್ಞೆ ಕೊಟ್ಟರೆ ನಡೆಯುತ್ತದೆ. ನಮ್ಮಲ್ಲಿ ಯಾರಿಗೂ ಆಜ್ಞೆ ಕೊಡಲಾಗದು. ನಾಳೆ ಹಾಲು ಹಾಕುವುದಿಲ್ಲ ಎಂದು ಖಾಸಗಿಯವರಿಗೆ ಕೊಟ್ಟರೆ ಮುಗಿಯಿತು. ಸಭೆ ನಡೆಸಿದವರ ಕಥೆ ಇದೆಯೇ?

ಕಲಬುರಗಿ ಲಾ ಕಾಲೇಜು

ಇದೆ ಮೇಡಂ. ನೆಲ್ಸನ್ ಮಂಡೇಲಾ ಅವರ ಆತ್ಮಕಥೆಯ ಮೊದಲ ಭಾಗ ಓದಿ.

ತಂದೆ ತೀರಿಕೊಂಡ ಮೇಲೆ ಬಾಲಕ ಮಂಡೇಲಾ ಬೆಳೆದದ್ದು ದಕ್ಷಿಣ ಆಫ್ರಿಕಾದ ತೆಂಬು ಜನರ ರಾಜಪ್ರತಿನಿಧಿ ಜೊಂಗಿಂಟಾಬಾ ಅವರ ಮನೆಯಲ್ಲಿ. ಅಲ್ಲಿ ಊರಿನ ಸಭೆಗಳು ನಡೆಯುತ್ತಿದ್ದವು. ಬರಗಾಲ, ದನ ಮಾರುವುದು, ಬಿಳಿಯ ಅಧಿಕಾರಿಯ ಹೊಸ ಕಾನೂನು, ಇಂಥ ವಿಷಯಗಳು. ರಾಜಪ್ರತಿನಿಧಿ ಬಂದವರಿಗೆ ವಂದಿಸಿ, ಕರೆದ ಕಾರಣ ಹೇಳಿ ಕುಳಿತರೆ ಮತ್ತೆ ಬಾಯಿ ತೆರೆಯುತ್ತಿದ್ದುದು ಕಡೆಯಲ್ಲಿ. ನಡುವೆ ಯಾರು ಬೇಕಾದರೂ ಮಾತನಾಡಬಹುದು, ತಡೆಯುವವರಿಲ್ಲ. ಅಂಗಡಿಯವನಿರಲಿ, ಆಳಿರಲಿ. ಕೆಲವರು ಸುತ್ತಿ ಬಳಸಿ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಕೆಲವರು ರಾಜಪ್ರತಿನಿಧಿಯನ್ನೇ ಬೈಯುತ್ತಿದ್ದರು. ಅವರು ಸಮರ್ಥನೆಗೆ ಇಳಿಯದೆ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೇಳಿಸಿಕೊಳ್ಳುತ್ತಿದ್ದರು. ಸಭೆ ಒಮ್ಮತಕ್ಕೆ ಬರುವವರೆಗೆ ನಡೆಯುತ್ತಿತ್ತು. ಬಾರದಿದ್ದರೆ ಇನ್ನೊಂದು ಸಭೆ. ಕುರಿ ಕಾಯುವವನು ಹಿಂಡಿನ ಹಿಂದೆ ಇರುತ್ತಾನೆ, ಚುರುಕಾದವು ಮುಂದೆ ಹೋಗುತ್ತವೆ, ತಮ್ಮನ್ನು ಹಿಂದಿನಿಂದ ಯಾರೋ ನಡೆಸುತ್ತಿದ್ದಾರೆ ಎಂಬುದು ಉಳಿದವಕ್ಕೆ ತಿಳಿಯುವುದಿಲ್ಲ ಎಂದು ರಾಜಪ್ರತಿನಿಧಿ ಹೇಳುತ್ತಿದ್ದರಂತೆ.

ನಾಯಕತ್ವದ ಭಾಷಣಕಾರರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಪುಟದಲ್ಲಿ ಆವರಣದೊಳಗೆ ಒಂದು ಸಾಲಿದೆ. ಎಲ್ಲರಿಗೂ ಸಮಾನ ಮಾತು ಎಂದ ಮೇಲೆ, ಹೆಂಗಸರನ್ನು ಮಾತ್ರ ಎರಡನೇ ದರ್ಜೆಯವರೆಂದು ಎಣಿಸುತ್ತಿದ್ದರು ಎಂದು ವಿಷಾದದಿಂದ ಸೇರಿಸಿದ್ದಾರೆ. ಮೇಡಂ, ನಿಮ್ಮ ಸಭೆಯಲ್ಲಿ ಇರುವವರೆಲ್ಲ ಆ ಆವರಣದೊಳಗಿನವರು.

ಮುಂದೆ ಓದುತ್ತ ಹೋದರೆ ಅದೇ ಮನುಷ್ಯ ಹಿಂಡಿನ ಹಿಂದಿನಿಂದ ಮುಂದಕ್ಕೆ ಬರುತ್ತಾರೆ. 1985ರಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಅವರನ್ನು ಪೋಲ್ಸ್‌ಮೂರ್ ಜೈಲಿನಲ್ಲಿ ಗೆಳೆಯರಿಂದ ಬೇರೆ ಮಾಡಿ ಕೆಳಮಹಡಿಯಲ್ಲಿಟ್ಟರು. ಅವರು ಪ್ರತಿಭಟಿಸಲಿಲ್ಲ. ಒಬ್ಬನೇ ಇದ್ದರೆ ಸರ್ಕಾರದೊಡನೆ ಮಾತುಕತೆ ಶುರು ಮಾಡಬಹುದು, ಗೆಳೆಯರನ್ನು ಕೇಳಿದರೆ ಬೇಡ ಎನ್ನುತ್ತಾರೆ, ಆದ್ದರಿಂದ ಕೇಳುವುದೇ ಬೇಡ ಎಂದು ತೀರ್ಮಾನಿಸಿದರು. ಆಮೇಲೆ ಮೇಲಿನ ಮಹಡಿಯ ಗೆಳೆಯರಿಗೆ ಒಬ್ಬೊಬ್ಬರನ್ನಾಗಿ ಕರೆಸಿ ತಿಳಿಸಿದ ದೃಶ್ಯ ನನಗೆ ಬಹಳ ಇಷ್ಟ. ವಾಲ್ಟರ್ ಸಿಸುಲು ಅವರಿಗೆ ಸರಿಕಾಣಲಿಲ್ಲ. ಸರ್ಕಾರವೇ ಮೊದಲು ಮುಂದೆ ಬರಲಿ ಎಂಬುದು ಅವರ ಮನಸ್ಸು. ಮ್ಹ್ಲಾಬಾ ಮತ್ತು ಮ್ಲಂಗೇನಿ, ಇಷ್ಟು ವರ್ಷ ಏಕೆ ಕಾಯುತ್ತಿದ್ದಿರಿ ಎಂದು ಕೇಳಿದರು. ಅಹ್ಮದ್ ಕತ್ರಾಡಾ ಖಡಾಖಂಡಿತ ವಿರೋಧ. ದೇಶದ ಹೊರಗೆ ಲುಸಾಕಾದಲ್ಲಿದ್ದ, ಅವರ ಸಂಘಟನೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆಲಿವರ್ ಟಾಂಬೊ, ಸರ್ಕಾರದವರೊಡನೆ ಏನು ಮಾತನಾಡುತ್ತಿದ್ದೀರಿ ಎಂದು ಚೀಟಿ ಕಳುಹಿಸಿ ಕೇಳಿದರು.

ಒಮ್ಮತವನ್ನು ಬಾಲ್ಯದಲ್ಲಿ ಕಲಿತವರು ತಮ್ಮ ಬದುಕಿನ ದೊಡ್ಡ ತೀರ್ಮಾನವನ್ನು ಒಮ್ಮತವಿಲ್ಲದೆ ತೆಗೆದುಕೊಂಡರು. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಬಿಟ್ಟಿದ್ದಾರೆ, ಜೋಡಿಸಿ ಚಂದ ಮಾಡಲು ಹೋಗಿಲ್ಲ. ಗುಣಗಳ ಪಟ್ಟಿ ಬರೆಯುವವರು ಇವುಗಳಲ್ಲಿ ಒಂದನ್ನು ಹೊಡೆದುಹಾಕುತ್ತಿದ್ದರು.

ಕಟುಮಾತು

ಗೆಲುವು ಸಿಕ್ಕಿದ್ದರಿಂದ ಅದು ನಾಯಕತ್ವ. ಸೋತಿದ್ದರೆ ಬೆನ್ನಿಗೆ ಚೂರಿ ಎನ್ನುತ್ತಿದ್ದರು. ಗೆದ್ದವರ ಪುಸ್ತಕ ಓದುವುದರ ತೊಂದರೆ ಇದೇ.

ಇತಿಹಾಸದ ಮೇಷ್ಟ್ರು

ಮಂಡೇಲಾ ಅವರೂ ಅದನ್ನು ಬಲ್ಲರು. ಮಾತುಕತೆ ಕೆಟ್ಟರೆ, ಮುದುಕ ಒಂಟಿಯಾಗಿದ್ದ, ಏನೋ ಮಾಡಿಕೊಂಡ ಎಂದು ಸಂಘಟನೆ ಕೈತೊಳೆದುಕೊಳ್ಳಬಹುದು ಎಂಬ ಲೆಕ್ಕವನ್ನೂ ಹಾಕಿದ್ದರು. ಕತ್ರಾಡಾ ಅವರ ನೆನಪುಗಳೂ 2004ರಲ್ಲಿ ಪುಸ್ತಕವಾಗಿ ಬಂದಿವೆ. ವಿರೋಧಿಸಿದವರ ಕಡೆಯಿಂದಲೂ ಆ ವರ್ಷಗಳನ್ನು ನೋಡಬಹುದು.

ಮಂಡೇಲಾ ಪುಸ್ತಕದ ಹುಟ್ಟನ್ನೂ ಮರೆಯಬಾರದು. 1970ರ ದಶಕದ ನಡುವೆ ರಾಬ್ಬೆನ್ ದ್ವೀಪದ ಜೈಲಿನಲ್ಲಿ ಗುಟ್ಟಾಗಿ ಬರೆದದ್ದು. ಸಿಸುಲು, ಕತ್ರಾಡಾ ಓದಿ ತಿದ್ದುತ್ತಿದ್ದರು, ಮ್ಯಾಕ್ ಮಹಾರಾಜ್ ಇರುವೆಯಂಥ ಅಕ್ಷರದಲ್ಲಿ ನಕಲು ಮಾಡಿ 1976ರಲ್ಲಿ ಬಿಡುಗಡೆಯಾದಾಗ ಹೊರಗೆ ಸಾಗಿಸಿದರು. ಅಂಗಳದಲ್ಲಿ ಹೂತಿಟ್ಟಿದ್ದ ಮೂಲ ಪ್ರತಿ ಸಿಕ್ಕಿಬಿದ್ದು, ಓದುವ ಸವಲತ್ತನ್ನು ನಾಲ್ಕು ವರ್ಷ ಕಿತ್ತುಕೊಂಡರು. ಹೋರಾಟಕ್ಕೆಂದು ಬರೆದ ಪುಸ್ತಕದಲ್ಲಿ ಗೆಳೆಯರ ಮೇಲಿನ ಮುನಿಸು ಹೆಚ್ಚು ಸಿಗುವುದಿಲ್ಲ. 1994ರಲ್ಲಿ ಅಚ್ಚಾದಾಗ ಲೇಖಕರು ದೇಶದ ಅಧ್ಯಕ್ಷರೂ ಆಗಿದ್ದರು.

ಕಪಾಟಿನ ಕೀಲಿ

ನಮ್ಮ ಕಡೆಯದೂ ಬರಲಿ. ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, 1908ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿನ ಕೆಲಸ, ಕೃಷ್ಣರಾಜಸಾಗರ, ಎಲ್ಲವೂ ಕಾಮಗಾರಿ ವರದಿಯ ಶಿಸ್ತಿನಲ್ಲಿವೆ. ಮನುಷ್ಯ ಕಾಣುವುದು ಕಡಿಮೆ. ಮನುಷ್ಯ ಬೇಕಿದ್ದರೆ ಡಿ.ವಿ.ಜಿ. ಅವರ 'ಜ್ಞಾಪಕ ಚಿತ್ರಶಾಲೆ'ಯಲ್ಲಿ ಮೈಸೂರಿನ ದಿವಾನರನ್ನು ಕುರಿತ ಸಂಪುಟ ನೋಡಿ. ಪತ್ರಕರ್ತರಾಗಿ ದಿವಾನರನ್ನು ಹತ್ತಿರದಿಂದ ಕಂಡವರು, ಅವರ ಹಂಗಿನಲ್ಲಿ ಇರಲೊಲ್ಲದವರು.

ಗಾಂಧೀಜಿ ಆತ್ಮಕಥೆಯನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದಿದ್ದಾರೆ, ನಿಮ್ಮ ಜಿಲ್ಲೆಯವರೇ. 1919ರಲ್ಲಿ ಜನ ಸಿದ್ಧರಾಗುವ ಮೊದಲೇ ಕಾನೂನುಭಂಗಕ್ಕೆ ಕರೆ ಕೊಟ್ಟದ್ದು ಹಿಮಾಲಯದಷ್ಟು ದೊಡ್ಡ ತಪ್ಪು ಎಂದು ನಡಿಯಾದ್‌ನಲ್ಲಿ ಬಹಿರಂಗವಾಗಿ ಹೇಳಿದ ಅಧ್ಯಾಯ ಅದರಲ್ಲಿದೆ. ನಡಿಯಾದ್ ಎಂದರೆ ಕುರಿಯನ್‌ರ ಆನಂದ್‌ಗೆ ನೆರೆಯ ಊರು.

ಕಟುಮಾತು

ದಿವಾನರ ಮಾತು ಬಂದದ್ದರಿಂದ ಹೇಳುತ್ತೇನೆ. 1918ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆ ಎದ್ದು ಮಿಲ್ಲರ್ ಸಮಿತಿ ನೇಮಕವಾಯಿತು. ಅರ್ಹತೆಯೊಂದೇ ಮಾನದಂಡ ಎಂದ ವಿಶ್ವೇಶ್ವರಯ್ಯನವರು ಆ ಭಿನ್ನಾಭಿಪ್ರಾಯದ ನಡುವೆ ದಿವಾನಗಿರಿ ಬಿಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದೆ ಸರಿಯಲಿಲ್ಲ. ಅಣೆಕಟ್ಟಿನ ಕಥೆಯನ್ನು ನಾಯಕತ್ವವೆಂದು ಹೇಳುವವರು ಇದನ್ನು ಹೇಳುವುದಿಲ್ಲ. ರಾಜರು ಆತ್ಮಕಥೆ ಬರೆಯಲಿಲ್ಲ, ಅಷ್ಟೇ.

ಓದಲೇಬೇಕಿದ್ದರೆ ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿ. ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುವುದನ್ನು ಹುಡುಗ ಮೋಜಿನಿಂದ ನೋಡುತ್ತಾನೆ. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಆಮೇಲೆ ಗೊತ್ತಾಗುತ್ತದೆ. ಆ ಹುಡುಗ ಬೆಳೆದು ದಲಿತ ಚಳವಳಿಯ ಕವಿಯಾದ, ವಿಧಾನ ಪರಿಷತ್ತಿನ ಸದಸ್ಯನಾದ. ಪುಸ್ತಕದುದ್ದಕ್ಕೂ ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಾನೆ. ನಾಯಕರಾದವರು ಬರೆದ ಪುಸ್ತಕಗಳಲ್ಲಿ ನಾನು ಪೂರ್ತಿ ಓದಿದ್ದು ಅದೊಂದೇ.

ರಾತ್ರಿ ಪಾಳಿ

ಪುಸ್ತಕ ಓದುವುದೇ ಬೇಡ ಎಂದವರು ಯಾರೋ ಇದ್ದರಲ್ಲ?

ಹಾಸನದ ಕಡೆಯವಳು

ಕೆಲವು ದಿನ ಇತ್ತ ಬರಲಾಗಲಿಲ್ಲ. ಹಸು ಕರು ಹಾಕಿತ್ತು. ಈಗ ಸಭೆಯ ಸುದ್ದಿ.

ಈ ಸಲ ಎಲ್ಲರನ್ನೂ ನೆಲದ ಮೇಲೆ ಸುತ್ತಲೂ ಕೂರಿಸಿ, ನನ್ನ ಎಡಗಡೆಯಿಂದ ಶುರುಮಾಡಿ ಒಬ್ಬೊಬ್ಬರೇ ಮಾತನಾಡಲಿ, ನಡುವೆ ಯಾರೂ ಬಾಯಿ ಹಾಕಬಾರದು, ನಾನೂ ಹಾಕುವುದಿಲ್ಲ ಎಂದೆ. ಗಟ್ಟಿ ದನಿಯವರು ಮುಖ ಊದಿಸಿಕೊಂಡರು. ಒಬ್ಬರು ನನ್ನ ಮೇಲೆಯೇ ಬಿದ್ದರು: ಅಧ್ಯಕ್ಷೆಯಾದ ಮೇಲೆ ದಿನಾ ಡೈರಿಯಲ್ಲಿ ಠಿಕಾಣಿ ಹೂಡಿದ್ದಾಳೆ, ಹುಡುಗಿಯ ಮೇಲೆ ಕಾವಲೋ, ಅವಳ ಜೊತೆ ಸಂಚೋ ಎಂದು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಜೊಂಗಿಂಟಾಬಾ ಅವರನ್ನು ನೆನೆದು ನುಂಗಿಕೊಂಡೆ, ಕಷ್ಟವಾಯಿತು.

ಕೊನೆಯಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, ಸಭೆಯಲ್ಲಿ ಎಂದೂ ಮಾತನಾಡದವರು, ಮೊದಲು ತಲೆಯಾಡಿಸಿ ಬೇಡ ಎಂದರು. ಸುಮ್ಮನೆ ಕಾದೆವು. ಆಮೇಲೆ ಹೇಳಿದರು: ಯಂತ್ರದ ತಪ್ಪಲ್ಲ, ಹುಡುಗಿಯ ತಪ್ಪೂ ಅಲ್ಲ. ಸಾಲು ಉದ್ದವಾದ ದಿನ ಹಾಲನ್ನು ಕಲಕದೆಯೇ ಮಾದರಿ ತೆಗೆಯುತ್ತಾಳೆ. ತಂದು ಬಹಳ ಹೊತ್ತಾದ ಹಾಲಿನಲ್ಲಿ ಕೆನೆ ಮೇಲೆ ಬಂದಿರುತ್ತದೆ. ಮೇಲಿನಿಂದ ಎತ್ತಿದರೆ ಫ್ಯಾಟ್ ಹೆಚ್ಚು, ತಳದಿಂದ ಎತ್ತಿದರೆ ಕಡಿಮೆ. ಯಾರಿಗೆ ಯಾವ ದಿನ ಏನು ಬರುತ್ತದೋ ಅವರ ಅದೃಷ್ಟ.

ಬೆಳಗಿನ ಹೊತ್ತು ನಿಂತಾಗ ನಾನೂ ಅದನ್ನು ಕಂಡಿದ್ದೆ. ಆದರೆ ನಾನು ಹೇಳಿದ್ದರೆ ಒಂದು ಗುಂಪಿನ ಮಾತಾಗುತ್ತಿತ್ತು. ಮರುದಿನದಿಂದ ಎಲ್ಲರೆದುರು ಕಲಕಿಯೇ ಮಾದರಿ ತೆಗೆಯುವುದು, ಸಾಲು ಉದ್ದವಾದರೆ ಒಬ್ಬ ನಿರ್ದೇಶಕಿ ಅವಳ ನೆರವಿಗೆ ನಿಲ್ಲುವುದು ಎಂದಾಯಿತು. ಯಂತ್ರವನ್ನೂ ತಪಾಸಣೆ ಮಾಡಿಸುತ್ತಿದ್ದೇವೆ. ಒಬ್ಬರು ಮಾತ್ರ ಒಪ್ಪದೆ ಖಾಸಗಿಯವರಿಗೆ ಹಾಲು ಕೊಡತೊಡಗಿದ್ದಾರೆ. ಅವರನ್ನು ವಾಪಸು ಕರೆತರುವುದು ಹೇಗೆಂದು ತಿಳಿಯುತ್ತಿಲ್ಲ.

ಕಲಬುರಗಿಯ ತಂಗಿ, ಒಂದು ಅನುಮಾನ. ಆ ಸಭೆಗಳಲ್ಲಿ ಬೈಯಿಸಿಕೊಂಡ ರಾಜಪ್ರತಿನಿಧಿ ಕಡೆಗೆ ಏನು ಮಾಡುತ್ತಿದ್ದರು? ನನಗಂತೂ ರಾತ್ರಿ ನಿದ್ದೆ ಬರಲಿಲ್ಲ.

ಕಲಬುರಗಿ ಲಾ ಕಾಲೇಜು

ಎಲ್ಲರೂ ಹೇಳಿದ್ದನ್ನು ಒಟ್ಟುಗೂಡಿಸಿ ಹೇಳುತ್ತಿದ್ದರು ಮೇಡಂ. ಒಪ್ಪದವರ ಮೇಲೆ ತೀರ್ಮಾನ ಹೇರುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಒಬ್ಬ ಕವಿ ಎದ್ದು ಹಿಂದಿನ ರಾಜರನ್ನು ಹಾಡಿ ಹೊಗಳಿ, ಈಗಿನ ಮುಖಂಡರಿಗೆ ಅರ್ಧ ಹೊಗಳಿಕೆ ಅರ್ಧ ಲೇವಡಿ ಮಾಡುತ್ತಿದ್ದ. ಜನರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ಎಲ್ಲರಿಗಿಂತ ಮೊದಲು ರಾಜಪ್ರತಿನಿಧಿಯೇ.

ಕಟುಮಾತು

ಅಧ್ಯಕ್ಷೆಯವರೇ, ಆ ಕವಿಯ ಹುದ್ದೆ ನಿಮ್ಮ ಸಂಘದಲ್ಲಿ ಖಾಲಿ ಇದ್ದರೆ ತಿಳಿಸಿ. ಬಸ್ ಖರ್ಚು ಕೊಟ್ಟರೆ ವಾರ್ಷಿಕ ಮಹಾಸಭೆಗೆ ಬರುತ್ತೇನೆ. ಹೊಗಳಿಕೆ ಅರ್ಧಕ್ಕಿಂತ ಕಡಿಮೆ ಇರುತ್ತದೆ.

ಹಾಸನದ ಕಡೆಯವಳು

ಬನ್ನಿ. ಊಟಕ್ಕೆ ಮುದ್ದೆ, ಉಪ್ಪುಸಾರು. ಬೆಳಿಗ್ಗೆ ಐದಕ್ಕೇ ಬಂದರೆ ಹಾಲು ಕಲಕುವ ಕೆಲಸವನ್ನೂ ಕೊಡುತ್ತೇನೆ.